ಕಾಕಾರ ರೇಡಿಯೋದ ಖಾಲಿ ಜಾಗ

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಮುಪ್ಪಾನುಮುಪ್ಪಾಗುವ ತನಕ ಬದುಕಿದರು. ಆದರೆ ಅಷ್ಟೂ ದಿನಗಳಲ್ಲಿ ಒಂದೇ ಒಂದು ದಿನವನ್ನಾದರೂ ಆ ದಿನವೇ ಬದುಕಿದ್ದರೆ ನನ್ನ ಹೆಸರು ಬದಲಿಸಿರಿ! ಅವರ ಮುಕ್ಕಾಂ ಯಾವಾಗಲೂ ಮುಂದಿನ ವರ್ಷದಲ್ಲಿ. ಊಟ, ನಿದ್ದೆ, ಅರಿವೆ ಅಂಗಡಿಯ ವ್ಯಾಪಾರ, ಇಷ್ಟಕ್ಕೆ ಮಾತ್ರ ಈ ವರ್ಷಕ್ಕೆ ಬಂದು ಹೋಗುತ್ತಿದ್ದರು.

ನಾನೂ ಬೆಳೆದ ಕೊಣ್ಣೂರಿನ ಅವರ ಮನೆಯೊಳಗೆ ಕಾಲಿಟ್ಟರೆ ಎದುರಿಗೇ ಒಂದು ಮೆಟ್ಟಿಲ ಸಾಲು. ದಪ್ಪ ಸಾಗವಾನಿ ಹಲಗೆ, ಹಿಡಿದುಕೊಳ್ಳಲು ಕೆತ್ತನೆಯ ಕಟಕಟೆ, ನೋಡಿದವರು ಹೌದೆನ್ನಬೇಕು. ಹತ್ತಿಕೊಂಡು ಹೋದರೆ ಮಾತ್ರ ತಲೆ ಜಂತಿಗೆ ಬಡಿಯುತ್ತಿತ್ತು. ಯಾಕೆಂದರೆ ಮೇಲೆ ಮಹಡಿಯೇ ಇರಲಿಲ್ಲ! ಮಹಡಿ ಮುಂದೆ ಎಂದೋ ಕಟ್ಟಿಸುವುದಿತ್ತು, ಮೆಟ್ಟಿಲು ಮೊದಲೇ ತಯಾರಾಗಿತ್ತು. ಕಾಕಾರ ಹೆಂಡತಿ, ನಮ್ಮ ಕಾಕು, ಆ ಮೆಟ್ಟಿಲುಗಳ ಮೇಲೆ ಉಪ್ಪಿನಕಾಯಿ ಭರಣಿಗಳನ್ನು ಸಾಲಾಗಿ ಇಟ್ಟು ತನ್ನ ಮಟ್ಟಿಗೆ ಉಪಯೋಗ ಕಂಡುಕೊಂಡಿದ್ದಳು. ಬಂದವರು ಇದೇನೆಂದು ಕೇಳಿದರೆ ಕಾಕಾರ ಉತ್ತರ ಒಂದೇ.

"ಮುಂದಕ್ಕ ಬೇಕಾಗ್ತೈತಿ."

ನಾನು ಮದುವೆಯಾಗಿ ಹುಕ್ಕೇರಿಗೆ ಹೊರಟಾಗ ಅವರು ಕೊಟ್ಟ ಉಡುಗೊರೆ ಒಂದು ತಾಮ್ರದ ಕೊಪ್ಪರಿಗೆ. ಅದನ್ನು ಚಕ್ಕಡಿಯಲ್ಲಿ ಏರಿಸಿದ ಮೇಲೆ ಮದುಮಗಳಿಗೆ ಕೂರಲು ಜಾಗವಿಲ್ಲ! ಹುಕ್ಕೇರಿಯ ಮನೆಯಲ್ಲಿ ಇದ್ದವರು ನಾನು, ನನ್ನ ಗಂಡ ಮತ್ತು ಅತ್ತೆ. ಅತ್ತೆ ಆ ಕೊಪ್ಪರಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಿಮ್ಮ ಕಾಕಾ ನಮ್ಮನ್ನು ಧರ್ಮಶಾಲೆ ನಡೆಸುವವರೆಂದು ತಿಳಿದಿದ್ದಾರೇನು ಎಂದು ಕೇಳಿದಳು. ನನಗೆ ಮಗಳು ಹುಟ್ಟಿದಾಗ ತೊಟ್ಟಿಲು ಬಂತು. ಮುಂದೆ ಅವಳಿ ಹುಟ್ಟಿದರೆ ಇರಲಿ ಎಂದು ಅಗಲ ಹಿಡಿಸಿ ಮಾಡಿಸಿದ್ದರು. ಮಗು ಅತ್ತರೆ ಅದು ಯಾವ ಮೂಲೆಯಲ್ಲಿದೆ ಎಂದು ಹುಡುಕಿ ಎತ್ತಿಕೊಳ್ಳಬೇಕಾಗುತ್ತಿತ್ತು.

ಇಂಥವರ ತಲೆಯೊಳಗೆ ರೇಡಿಯೋ ಹೊಕ್ಕರೆ ಏನಾಗಬೇಕು?

ಆಗ ನಮ್ಮ ಕಡೆ ರೇಡಿಯೋ ಕಂಡವರೇ ಕಡಿಮೆ. ಅಂಗಡಿಗೆ ಅರಿವೆ ತರಲು ಮುಂಬಯಿಗೆ ಹೋದ ಕಾಕಾ ಅಲ್ಲಿ ಒಂದು ಪೆಟ್ಟಿಗೆ ಹಾಡುವುದನ್ನು ರಸ್ತೆಯಲ್ಲಿ ನಿಂತು ಕೇಳಿದರು. ಕೇಳಿದವರು ಸುಮ್ಮನೆ ಬರಬೇಕೋ ಬೇಡವೋ? ಅರಿವೆಯ ಗಂಟು ಅರ್ಧ ಮಾಡಿ, ಉಳಿದರ್ಧದಲ್ಲಿ ತಂತಿಯ ಸುರುಳಿ, ವಾಲ್ವೆಂಬ ಗಾಜಿನ ಬುರುಡೆ, ಕಿವಿಗೆ ಹಾಕಿ ಕೇಳುವ ಜೋಡಿ ಬಟ್ಟಲು, ಮತ್ತು ಮನೆಯಲ್ಲೇ ರೇಡಿಯೋ ಕಟ್ಟುವುದು ಹೇಗೆಂದು ತಿಳಿಸುವ ಒಂದು ಇಂಗ್ಲಿಷ್ ಪುಸ್ತಕ ಕಟ್ಟಿಕೊಂಡು ಬಂದರು. ಆ ವರ್ಷ ಕೊಣ್ಣೂರಿನ ಹೆಂಗಸರಿಗೆ ಕುಪ್ಪಸ ಹೊಲಿಸುವ ಖಣ ಕಡಿಮೆ ಬಿದ್ದವು.

ಮನೆಯಲ್ಲಿ ಇದರಿಂದ ಖುಷಿಯಾದವಳು ಆಯಿ ಒಬ್ಬಳೇ. ಆಯಿ ಅಂದರೆ ಕಾಕಾರ ತಾಯಿ, ನನ್ನ ಅಜ್ಜಿ. ಆಯಿಗೆ ಹಾಡೆಂದರೆ ಜೀವ. ಮದುವೆಗೆ ಹೋದರೆ ಊಟ ಬಿಟ್ಟಾಳು, ಸೋಬಾನೆ ಬಿಡಳು. ಅಂಥವಳ ಕಿವಿ ಮಂದವಾಗುತ್ತ ನಡೆದಿತ್ತು. ಬಸದಿಯ ಗಂಟೆ ಆಗಲೇ ಕೇಳಿಸುತ್ತಿರಲಿಲ್ಲ. ಗೋಕಾಕದ ಡಾಕ್ಟರು ನೋಡಿ, ಇದಕ್ಕೆ ಔಷಧವಿಲ್ಲ, ಹೀಗೆಯೇ ಇಳಿಯುತ್ತ ಹೋಗಿ ಒಂದು ದಿನ ಪೂರ್ತಿ ನಿಲ್ಲುತ್ತದೆ ಎಂದುಬಿಟ್ಟಿದ್ದರು. ಆಯಿ ಅತ್ತು ಕರೆದು ಮಾಡುವವಳಲ್ಲ. ಮಗನನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ಕಿವಿ ಪೂರಾ ಮುಚ್ಚೂದ್ರೊಳಗ ನಿನ್ನ ಪೆಟ್ಟಿಗಿ ನನಗ ಹಾಡ ಕೇಳಸಬೇಕು ನೋಡಪಾ."

ಕಾಕಾ ಆಗಲಿ ಎಂದರು. ಬೇರೆ ಯಾರಾದರೂ ಆಗಿದ್ದರೆ ಪುಸ್ತಕದ ಮೊದಲನೆಯ ಅಧ್ಯಾಯ ತೆರೆದು, ವಾರದೊಳಗೆ ಏನೋ ಒಂದು ಕಟ್ಟಿ ಆಯಿಯ ಕಿವಿಗೆ ಹಚ್ಚುತ್ತಿದ್ದರು. ಕಾಕಾ ಕೊನೆಯ ಅಧ್ಯಾಯ ತೆರೆದರು! ಅದರಲ್ಲಿ ರೇಡಿಯೋವನ್ನು ಮುಂದೆ ಹೇಗೆಲ್ಲ ಬೆಳೆಸಬಹುದು ಎಂದಿತ್ತಂತೆ. ಮೊದಲಿನಿಂದ ಓದಿ ಕಟ್ಟಿದರೆ ಕೊನೆಗೆ ಬರುವ ಹೊತ್ತಿಗೆ ಮತ್ತೆ ಬಿಚ್ಚಬೇಕಾಗುತ್ತದೆ, ಅದಕ್ಕೇ ಕೊನೆಯಿಂದ ಓದುವುದು ಉಳಿತಾಯ ಎಂದು ನನಗೆ ತಿಳಿಸಿ ಹೇಳಿದರು. ಕೇಳುವಾಗ ನನಗೂ ಸರಿಯೆನಿಸಿತು. ಅವರ ಮಾತೇ ಹಾಗೆ, ಅವರ ಎದುರಿಗಿರುವ ತನಕ ಎಲ್ಲ ಸರಿಯೆನಿಸುತ್ತಿತ್ತು.

ಒಂದೇ ವಾಲ್ವಿನ ರೇಡಿಯೋ ಎಲೆಅಡಿಕೆಯ ಡಬ್ಬಿಯಲ್ಲಿ ಹಿಡಿಸುತ್ತದೆ. ಕಾಕಾ ಗೋಕಾಕಕ್ಕೆ ಹೋಗಿ, ಕಟ್ಟಿಗೆಯ ಗೊಂಬೆ, ಹಣ್ಣುಗಳನ್ನು ಮಾಡಿ ಬಣ್ಣ ಹಚ್ಚುವ ಒಬ್ಬ ಕುಶಲಗಾರನಿಗೆ ಒಂದು ಕಪಾಟನ್ನೇ ಮಾಡಲು ಹೇಳಿದರು. ಇದರೊಳಗೆ ಏನಿಡುವಿರಿ ಎಂದು ಅವನು ಕೇಳಿದನಂತೆ. ಒಂದು ಗಾಜಿನ ಬುರುಡೆ ಎಂದರಂತೆ ಇವರು. ಉಳಿದ ಜಾಗ? ಅದು ಮುಂದಕ್ಕೆ! ತಿರುವುವ ಗುಂಡಿಗಳೂ ಮುಂದಕ್ಕೆ ಬೇಕಾದಷ್ಟು ಈಗಲೇ ಬೇಕೆಂದಾಗ, ಅವನು ತನಗೆ ತಿಳಿದ ವಿದ್ಯೆಯಲ್ಲಿ ಕಟ್ಟಿಗೆಯ ಹಣ್ಣುಗಳನ್ನೇ ಮಾಡಿ ಕೂರಿಸಿದ. ಹೀಗೆ ನಮ್ಮ ಕಾಕಾರ ರೇಡಿಯೋದ ಮೋರೆಯ ಮೇಲೆ ಲಿಂಬೆ, ಮಾವು, ಪೇರಲ, ಅಂಜೂರ, ಸೀತಾಫಲ ಎಲ್ಲ ಸಾಲಾಗಿ ಕುಳಿತವು. ಅವುಗಳಲ್ಲಿ ಕೆಲಸ ಮಾಡುತ್ತಿದ್ದವು ಹಾಡು ಹಿಡಿಯುವ ಲಿಂಬೆ ಮತ್ತು ದನಿ ಏರಿಸುವ ಮಾವು ಮಾತ್ರ. ಮುಂದೊಮ್ಮೆ ಮೂಡಲಗಿಯಿಂದ ಬಂದ ಬೀಗರು ಕಿವಿಗೆ ಬಟ್ಟಲು ಹಾಕಿಕೊಂಡು ಪೇರಲವನ್ನು ಬಹಳ ಹೊತ್ತು ತಿರುವಿ, ಈಗ ನೋಡಿ, ದನಿ ಎಷ್ಟು ಸ್ವಚ್ಛವಾಯಿತು ಎಂದು ತಲೆದೂಗಿದರು. ಪೇರಲದ ಹಿಂದೆ ಗಾಳಿಯ ಹೊರತು ಏನೂ ಇರಲಿಲ್ಲ!

ಆದರೆ ಈ ಕಪಾಟು ಮಾತಾಡುವುದಕ್ಕಿಂತ ಮೊದಲೇ ಇನ್ನೊಂದು ಘಾತವಾಯಿತು. ಮುಂದಿನ ವಾಲ್ವುಗಳಿಗೆಂದು ಬಿಟ್ಟ ಖಾಲಿ ಜಾಗ ಓಣಿಯ ಬೆಕ್ಕಿಗೆ ಬಹಳ ಹಿಡಿಸಿತು. ಕತ್ತಲು, ಬೆಚ್ಚಗೆ, ಮೇಲೆ ಹೊಸ ಕಟ್ಟಿಗೆಯ ವಾಸನೆ. ಬಾಣಂತಿಗೆ ಇನ್ನೇನು ಬೇಕು? ನಾನು ಪಂಚಮಿಗೆ ತವರಿಗೆ ಬಂದು ನೋಡಿದರೆ ರೇಡಿಯೋದೊಳಗಿಂದ ದನಿ ಬರುತ್ತಿದೆ, ಮಿಯಾಂವ್ ಎಂದು! ನಮ್ಮದು ಜೈನರ ಮನೆ. ಇನ್ನೂ ಕಣ್ಣು ಬಿಡದ ಮರಿಗಳನ್ನು ತಾಯಿಯ ಹಾಸಿಗೆಯಿಂದ ಎಬ್ಬಿಸುವುದುಂಟೇ? ಹಾಡಿಗಾಗಿ ಹಟ ಹಿಡಿದಿದ್ದ ಆಯಿಯೇ ಕಪಾಟಿನ ಎದುರಿಗೆ ಮಣೆ ಹಾಕಿಕೊಂಡು ಕಾವಲು ಕುಳಿತಳು. ಕಾಕಾ ಕೈಯಲ್ಲಿ ತಂತಿ ಹಿಡಿದು ಸುತ್ತಲೂ ಸುಳಿದಾಡಿದರೆ, ಮುಟ್ಟಿದಿಯೋ ನೋಡು ಎನ್ನುವಂತೆ ಬೆರಳು ತೋರಿಸುವಳು. ಮರಿಗಳು ದೊಡ್ಡವಾಗಿ ತಾವಾಗಿಯೇ ಮನೆ ಖಾಲಿ ಮಾಡುವ ತನಕ ರೇಡಿಯೋದ ಕೆಲಸ ಬಂದ್. ನಾನಂತೂ ಹುಕ್ಕೇರಿಗೆ ಹೋಗಿ, ನಮ್ಮ ಕಾಕಾರ ರೇಡಿಯೋ ಹಾಲು ಕುಡಿಯುತ್ತದೆ ಎಂದು ಎಲ್ಲರಿಗೂ ಹೇಳಿದೆ.

ಬೆಕ್ಕಿನ ಸಂಸಾರ ಹೊರಗೆ ಬಿದ್ದ ಮೇಲೆ ಒಂದು ದಿನ ರೇಡಿಯೋ ಖರೆಯಾಗಿಯೂ ತಯಾರಾಯಿತು. ಆಗ ಬಂತು ಹೊಸ ಪೇಚು. ಆಯಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಜಪಮಣಿ ತಿರುವಿ, ದೀಪ ಹಚ್ಚುವ ಹೊತ್ತಿಗೆ ಹಾಸಿಗೆ ಹಿಡಿಯುವವಳು. ಮುಂಬಯಿಯ ದನಿಯೋ ಕತ್ತಲಾದ ಮೇಲೆಯೇ ನಮ್ಮ ಊರಿನ ತನಕ ಬರುತ್ತಿತ್ತು. ಆಯಿ ಮಲಗಿದಳೆಂದರೆ ಮುಂಬಯಿ ಎದ್ದಿತೆಂದೇ ಲೆಕ್ಕ! ಜೊತೆಗೆ ಕತ್ತಲಲ್ಲಿ ಹೊಳೆಯುವ ವಾಲ್ವಿಗೆ ಹುಳ ಬಂದು ಸಾಯುತ್ತವೆಂದು ಆಯಿಯ ತಕರಾರು. ಸತ್ತ ಹುಳದ ಪಾಪ ಯಾರಿಗೆ, ನಮಗೋ ಮುಂಬಯಿಯಲ್ಲಿ ಹಾಡುವವರಿಗೋ? ಕಾಕಾ ಅಂಗಡಿಯಿಂದ ತೆಳ್ಳನೆಯ ಮಲ್‌ಮಲ್ ತಂದು ವಾಲ್ವಿಗೊಂದು ಸೊಳ್ಳೆಪರದೆ ಕಟ್ಟಿದರು. ಆಯಿ ಜಪಮಣಿ ಹಿಡಿದುಕೊಂಡೇ ಎಚ್ಚರವಾಗಿ ಕುಳಿತಳು. ಕಾಕಾ ಅವಳ ಕಿವಿಗಳಿಗೆ ಬಟ್ಟಲು ಹಚ್ಚಿ ಲಿಂಬೆಹಣ್ಣು ತಿರುವಿದರು.

ಆಯಿಯ ಮೋರೆ ಅರಳಿದ್ದನ್ನು ನೀವು ನೋಡಬೇಕಿತ್ತು! ಯಾವಳೋ ಮರಾಠಿಯಲ್ಲಿ ಹಾಡುತ್ತಿದ್ದಳು. ಆಯಿ ಕಣ್ಣು ಮುಚ್ಚಿ, ಬೆರಳಿನಿಂದ ಮೊಣಕಾಲ ಮೇಲೆ ತಾಳ ಹಾಕಿ, ಪೂರ್ತಿ ಕೇಳಿ, ಆಮೇಲೆ ಬಟ್ಟಲು ತೆಗೆದು ಗಂಭೀರವಾಗಿ ಹೇಳಿದಳು.

"ಚಂದ ಹಾಡ್ತಾಳ. ಆದ್ರ ಆಕಿಗಿ ನೆಗಡಿ ಆಗೇತಿ. ಬಿಸಿನೀರ ಕುಡಿ ಅಂತ ಹೇಳು."

ಈ ಪೆಟ್ಟಿಗೆಯಿಂದ ಅವರು ಹೇಳಿದ್ದನ್ನು ನಾವು ಕೇಳಬಹುದು, ನಾವು ಹೇಳಿದ್ದು ಅವರಿಗೆ ಹೋಗುವುದಿಲ್ಲ ಎಂದು ಕಾಕಾ ಅವಳ ಕಿವಿಯಲ್ಲಿ ಕೂಗಿ ತಿಳಿಸಿದರು. ತಿಳಿಸಿ ಸುಮ್ಮನಾದರೆ ಅವರು ಕಾಕಾ ಹೇಗಾದಾರು? ಕಪಾಟಿನ ಕೆಳಗಿನ ಖಾನೆ ತೆರೆದು ತೋರಿಸಿ, ತಿರುಗಿ ಮಾತಾಡುವುದಕ್ಕೂ ಇಲ್ಲಿ ಜಾಗ ಬಿಟ್ಟಿದ್ದೇನೆ, ಅದು ಮುಂದಕ್ಕೆ ಎಂದರು.

ಮರುದಿನ ಆಯಿ ಊಟ ಬೇಗ ಮುಗಿಸಿ, ಕಚ್ಚೆ ಸೀರೆಯ ಮೇಲೆ ಶಾಲು ಹೊದ್ದು, ಹಾಡಿಗೆ ಹೋಗುವವಳಂತೆ ಸಿಂಗಾರವಾಗಿ ಬಂದು ಕುಳಿತಳು. ಕಪಾಟು ಖಾಲಿ! ಇನ್ನೊಂದು ವಾಲ್ವು ಸೇರಿಸಬೇಕೆಂದು ಕಾಕಾ ಬೆಳಿಗ್ಗೆಯೇ ಎಲ್ಲವನ್ನೂ ಬಿಚ್ಚಿ ಚಾಪೆಯ ಮೇಲೆ ಹರಡಿದ್ದರು. ಆಯಿ ಶಾಲು ಮಡಚಿ ಇಟ್ಟು ಒಳಗೆ ಹೋಗಿ ಮಲಗಿದಳು.

ಅಲ್ಲಿಂದ ಶುರುವಾಯಿತು ನೋಡಿ. ಒಂದು ವಾಲ್ವು ಸೇರುವ ಹೊತ್ತಿಗೆ ಇನ್ನೊಂದಕ್ಕೆ ಮನಸ್ಸಾಗುವುದು, ಅದಕ್ಕೆ ದೊಡ್ಡ ಬ್ಯಾಟರಿ ಬೇಕಾಗುವುದು, ಬ್ಯಾಟರಿಗೆ ವಿದ್ಯುತ್ತು ತುಂಬಿಸಲು ಗೋಕಾಕದ ಮೋಟಾರು ರಿಪೇರಿಯವನ ಹತ್ತಿರ ಒಯ್ಯುವುದು, ತರುವಾಗ ಅದರ ಆಮ್ಲ ಚೆಲ್ಲಿ ಧೋತರ ತೂತಾಗುವುದು. ಅರಿವೆ ಅಂಗಡಿಯ ಮಾಲಕರು ತೂತು ಧೋತರ ಉಟ್ಟು ವ್ಯಾಪಾರಕ್ಕೆ ಕೂರುತ್ತಿದ್ದರು! ಪ್ರತಿ ಸಲ ತವರಿಗೆ ಹೋದಾಗಲೂ ರೇಡಿಯೋ ಬಿಚ್ಚಿಕೊಂಡೇ ಇರುತ್ತಿತ್ತು. ಆಯಿಯ ಜೊತೆ ಮಾತಾಡಲು ಮಾತ್ರ ನಾನು ಪ್ರತಿ ಸಲವೂ ಇನ್ನಷ್ಟು ಹತ್ತಿರ ಕೂರಬೇಕಾಗುತ್ತಿತ್ತು.

ಕಾಕು ತಾಳಿ ತಾಳಿ ಕೊನೆಗೊಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎದ್ದು ಬಂದಳು. ಜೋಳದ ಹಿಟ್ಟು ಮೆತ್ತಿದ ಕೈಯಿಂದಲೇ ಚಾಪೆಯ ಮೇಲಿನ ತಂತಿಗಳನ್ನು ತೋರಿಸಿದಳು.

"ಅತ್ತಿಯವರ ಕಿವಿ ನಿಮ್ಮ ಹಾದಿ ಕಾಯೂದಿಲ್ರಿ. ದಿನಾ ಅಷ್ಟಷ್ಟ ಮುಚ್ಚಾಕತ್ತಾವು. ಇದ್ದದ್ದನ್ನ ಜೋಡ್ಸಿ ಕೇಳ್ಸಬಾರದ?"

ಕಾಕಾ ತಲೆಯೆತ್ತಲಿಲ್ಲ. ತಂತಿಯ ತುದಿಯನ್ನು ಕೆರೆಯುತ್ತಲೇ ಇದ್ದರು.

"ನನಗೂ ಗೊತ್ತೈತಿ. ಮೊನ್ನಿ ಆ ಬಟ್ಟಲಾ ಹಚ್ಚಿ ನೋಡಿದ್ನಿ, ಅವ್ವಗ ಏನೂ ಕೇಳಸ್ಲಿಲ್ಲ. ಆಕಿ ಕಿವಿ ಇಳದಷ್ಟೂ ನಾ ದನಿ ಏರಸಬೇಕಲ್ಲ? ಅದಕ್ಕ ಬಿಚ್ಚಾಕತ್ತೇನಿ."

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನಗಲು ಬಾಯಿ ತೆರೆದವಳು ಮುಚ್ಚಿದೆ. ಮನುಷ್ಯ ತಾಯಿಯ ಕಿವಿಯ ಜೊತೆ ಓಟಕ್ಕೆ ಬಿದ್ದಿದ್ದಾರೆ, ಗೆದ್ದಾರೋ ಇಲ್ಲವೋ ಎಂದು ನನಗೆ ಅಂದು ಮೊದಲ ಸಲ ಚಿಂತೆಯಾಯಿತು. ಕಾಕು ತಿರುಗಿ ಹೋಗಿ ರೊಟ್ಟಿ ಬಡಿಯತೊಡಗಿದಳು.

ಆ ವರ್ಷ ದೀಪಾವಳಿಗೆ ಹೋದಾಗ ಚಾಪೆ ಖಾಲಿಯಾಗಿತ್ತು, ಕಪಾಟು ತುಂಬಿತ್ತು. ಮೇಲೆ ಊದಿಕೊಂಡ ದೊಡ್ಡ ತುತ್ತೂರಿ. ಇನ್ನು ಕಿವಿಗೆ ಬಟ್ಟಲು ಬೇಡ, ಕುಳಿತಲ್ಲಿಯೇ ಕೇಳಬಹುದು. ಸಂಜೆ ದೀಪ ಹಚ್ಚಿದ ಮೇಲೆ ಕಾಕಾ ಹಣ್ಣುಗಳನ್ನು ತಿರುವಿದರು. ತಿರುವಿದ್ದೇ ತಡ, ಏನು ದನಿ ಅಂತೀರಿ! ಹಿತ್ತಲಲ್ಲಿದ್ದ ಎಮ್ಮೆ ಕಣ್ಣಿ ಹರಿದುಕೊಂಡಿತು. ಓಣಿಯ ಜನ ಬಾಗಿಲ ತನಕ ಬಂದು ನಿಂತರು. ಆಯಿಯನ್ನು ತುತ್ತೂರಿಯ ಮುಂದೆಯೇ ಕೂರಿಸಿದ್ದೆವು. ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಒಂದು ಗಳಿಗೆ ಮಗನ ಮೋರೆ ನೋಡಿದಳು, ಆಮೇಲೆ ನಕ್ಕು ಕಣ್ಣು ಮುಚ್ಚಿ ಮೊಣಕಾಲ ಮೇಲೆ ತಾಳ ಹಾಕತೊಡಗಿದಳು. ಕಾಕಾ ಕುಣಿಯುವುದೊಂದು ಬಾಕಿ! ಗೆದ್ದರಪ್ಪಾ ಎಂದು ನಾನೂ ಉಸಿರು ಬಿಟ್ಟೆ.

ಹಾಡು ನಡುವೆ ಬಂದಿತ್ತು. ಅಷ್ಟೊಂದು ವಾಲ್ವುಗಳ ಹೊಟ್ಟೆ ತುಂಬಿಸಿ ಬ್ಯಾಟರಿಗೆ ಸುಸ್ತಾಗಿತ್ತೋ ಏನೋ, ದನಿ ಸಣ್ಣದಾಗುತ್ತ ಹೋಗಿ, ಗೊಣಗಿ, ನಿಂತೇಬಿಟ್ಟಿತು. ವಾಲ್ವುಗಳು ಕಪ್ಪಾದವು. ಬಾಗಿಲಲ್ಲಿ ನಿಂತವರು ಒಬ್ಬೊಬ್ಬರಾಗಿ ಮನೆಗೆ ಹೋದರು.

ಆಯಿ ಮಾತ್ರ ತಾಳ ಹಾಕುತ್ತಲೇ ಇದ್ದಳು. ಕಣ್ಣು ಮುಚ್ಚಿ, ತಲೆದೂಗುತ್ತ, ತುಟಿಯಲ್ಲಿ ಅದೇ ನಗು.

ಹಾಡು ನಿಂತಿದೆ ಎಂದು ಭುಜ ಮುಟ್ಟಿ ಹೇಳಲು ಕಾಕು ಹೋದಳು. ಕಾಕಾ ಕೈಯೆತ್ತಿ ತಡೆದರು. ಅವರ ಮೋರೆಯನ್ನು ನೋಡುವುದು ನನ್ನಿಂದ ಆಗಲಿಲ್ಲ. ಅವರು ಬಂದು ಆಯಿಯ ಪಕ್ಕದಲ್ಲಿ ಕುಳಿತರು. ಆಯಿ ಕಣ್ಣು ತೆರೆದಳು. ಕಾಕಾ ಮಾವಿನಹಣ್ಣಿನ ಮೇಲೆ ಕೈಯಿಟ್ಟು, ದನಿ ಇನ್ನೂ ಹೆಚ್ಚಿಸಲೇ ಎಂದು ಸನ್ನೆಯಿಂದ ಕೇಳಿದರು.

"ಬ್ಯಾಡ ಮಗಾ," ಎಂದಳು ಆಯಿ, ಕೇಳದವರು ಮಾತಾಡುವಂತೆ ಸ್ವಲ್ಪ ಜೋರಾಗಿಯೇ. "ಇಷ್ಟ ಸಾಕು. ಎಷ್ಟ ಚಂದ ಹಾಡಾಕತ್ತಾಳ ನೋಡು."

ಕಾಕಾ ಹೌದೆಂದು ತಲೆಯಾಡಿಸಿದರು. ಮುಂದಕ್ಕೆ ಇನ್ನೊಂದು ವಾಲ್ವು ಹಾಕುತ್ತೇನೆ ಎಂದು ಹೇಳಲಿಲ್ಲ. ಆಯಿಯ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ಆ ಹಾಡು ಮುಗಿಯುವ ತನಕ ತಾವೂ ಅವಳ ಜೊತೆ ತಲೆದೂಗುತ್ತ ಕುಳಿತರು.