ಯಜಮಾನರಿಗೆ ವೇಗ ಕಲಿಸಲು ಹೊರಟ ಇಂದಿರಾ ಟೀಚರು

ಶ್ರೀರಂಗಪಟ್ಟಣದಿಂದ ಕೆ.ಆರ್.ಪೇಟೆಗೆ ಕಾರಿನಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಯಾರನ್ನು ಕೇಳಿದರೂ ಒಂದು, ಒಂದೂಕಾಲು ಗಂಟೆ ಅನ್ನುತ್ತಾರೆ. ಇಂದಿರಾ ಟೀಚರನ್ನು ಕೇಳಿದರೆ, ಯಾರ ಜೊತೆ ಎಂದು ತಿರುಗಿ ಕೇಳುತ್ತಾರೆ. ಅವರ ಯಜಮಾನರಾದ ಶ್ರೀನಿವಾಸಮೂರ್ತಿಗಳ ಜೊತೆಯಾದರೆ ಎರಡು ಗಂಟೆ. ದಾರಿಯಲ್ಲಿ ಹಸು ಅಡ್ಡ ಬಂದರೆ ಎರಡೂಕಾಲು. (ಹಸು ರಸ್ತೆ ದಾಟಿ ಆಚೆ ಹೋದರೂ ಮೂರ್ತಿಗಳು ಹೊರಡುವುದಿಲ್ಲ. ಅದು ಮನಸ್ಸು ಬದಲಾಯಿಸಿ ವಾಪಸು ಬರಬಹುದಲ್ಲ ಎಂದು ಕಾಯುತ್ತಾರೆ.)

ಮೂರ್ತಿಗಳು ಪಾಂಡವಪುರದ ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು. ಬರವಣಿಗೆಯಲ್ಲಿ ಇರುವುದನ್ನೆಲ್ಲ ನಂಬುತ್ತಾರೆ, ಇಲ್ಲದಿರುವುದನ್ನು ಯಾವುದನ್ನೂ ನಂಬುವುದಿಲ್ಲ. ರಸ್ತೆಬದಿಯ ಬೋರ್ಡು ನಲವತ್ತು ಅಂದರೆ ಅವರು ಮೂವತ್ತೈದರಲ್ಲಿ ಹೋಗುತ್ತಾರೆ. ಆ ಐದು ಕಿಲೋಮೀಟರು ಸರ್ಕಾರಕ್ಕೆ ಗೌರವ. ಬೋರ್ಡೇ ಇಲ್ಲದ ಕಡೆ ಹಿಂದಿನ ಬೋರ್ಡಿನ ಆದೇಶವೇ ಜಾರಿಯಲ್ಲಿರುತ್ತದೆ ಎಂಬುದು ಅವರ ಸಿದ್ಧಾಂತ. ಟೀಚರು ತಾವೇ ಓಡಿಸಬಹುದಲ್ಲ ಅಂದರೆ, ಅವರಿಗೆ ಸ್ಕೂಟರ್ ಮಾತ್ರ ಬರುತ್ತದೆ. ಕಾರು ಕಲಿಸುವ ಕೆಲಸವನ್ನು ಮೂರ್ತಿಗಳು ಎಂಟು ವರ್ಷದ ಹಿಂದೆ ಶುರು ಮಾಡಿದರು. ಅದಿನ್ನೂ ಕನ್ನಡಿ ಸರಿಮಾಡಿಕೊಳ್ಳುವ ಪಾಠದಲ್ಲೇ ನಿಂತಿದೆ.

ಇಷ್ಟನ್ನೂ ಇಪ್ಪತ್ತಾರು ವರ್ಷ ನುಂಗಿಕೊಂಡು ಬಂದ ಇಂದಿರಾಗೆ ಈ ವೈಶಾಖದಲ್ಲಿ ಸಹನೆ ಮುಗಿಯಿತು. ತಂಗಿ ಪ್ರಮೀಳಾ ಮಗಳ ಮದುವೆ, ಕೆ.ಆರ್.ಪೇಟೆಯಲ್ಲಿ. ಒಂಬತ್ತು ಇಪ್ಪತ್ತಕ್ಕೆ ಧಾರೆ. ಇವರ ಕಾರು ಛತ್ರದ ಮುಂದೆ ನಿಂತಾಗ ಎರಡನೇ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ಪ್ರಮೀಳಾ ಬಾಗಿಲಲ್ಲೇ ನಿಂತು, "ಬಾ ಅಕ್ಕ, ಮೊಮ್ಮಗುವಿನ ನಾಮಕರಣಕ್ಕೆ ಸರಿಯಾದ ಹೊತ್ತಿಗೆ ಬಂದೆ," ಅಂದಳು. ಮೂರ್ತಿಗಳು ಅದನ್ನು ಸ್ವಾಗತವೆಂದೇ ತಿಳಿದು ಕೈಮುಗಿದರು.

ಆ ವಾರವೇ, ಮೈಸೂರಿನ ಹಾಸ್ಟೆಲಿನಲ್ಲಿರುವ ಮಗಳು ಸಿಂಚನ ತಮಾಷೆಗೆಂದು ಒಂದು ಜಾಹೀರಾತು ಕಳಿಸಿದಳು. ನಾಗಮಂಗಲದ ಆಚೆ ಹೊಸದಾಗಿ ರೇಸ್ ಟ್ರ್ಯಾಕ್ ಆಗಿದೆಯಂತೆ. ಎರಡನೇ ಭಾನುವಾರ ಹವ್ಯಾಸಿಗಳಿಗಾಗಿ ಟ್ರ್ಯಾಕ್ ಡೇ. ನಿಮ್ಮದೇ ಕಾರು ತನ್ನಿ, ಪಕ್ಕದಲ್ಲಿ ತರಬೇತುದಾರರು ಕೂತು ವೇಗವಾಗಿ ಓಡಿಸುವುದನ್ನು ಕಲಿಸುತ್ತಾರೆ, ಅನುಭವ ಬೇಕಿಲ್ಲ. ಮಗಳು ನಗುವ ಮುಖದ ಗುರುತು ಹಾಕಿದ್ದಳು. ಇಂದಿರಾ ನಗಲಿಲ್ಲ. ಒಲೆಯ ಮೇಲಿದ್ದ ಸಾರನ್ನು ಇಳಿಸಿ, ಮೊಬೈಲಿನಲ್ಲೇ ಯಜಮಾನರ ಹೆಸರು ನೋಂದಾಯಿಸಿದರು. ಎರಡನೇ ಸುತ್ತಿನಲ್ಲಿ ಒಬ್ಬರು ಜೊತೆಗೆ ಕೂರಬಹುದು ಎಂದಿದ್ದ ಕಡೆ ತಮ್ಮ ಹೆಸರನ್ನೇ ಹಾಕಿದರು. ಕಣ್ಗಾವಲಿಲ್ಲದಿದ್ದರೆ ಈ ಮನುಷ್ಯ ಅಲ್ಲೂ ಹಸುವಿಗೆ ಕಾಯುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಯಜಮಾನರಿಗೆ ಮಾತ್ರ ಅದು ವಾಹನ ಚಾಲನೆಯ ಉನ್ನತ ತರಬೇತಿ, ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರೆ ಎಂದರು. ಸರ್ಟಿಫಿಕೇಟ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮೂರ್ತಿಗಳು ಕನ್ನಡಕ ಹಾಕಿಕೊಂಡರು. ಆಯೋಜಕರು ಕಳಿಸಿದ್ದ ಹನ್ನೊಂದು ಪುಟದ ಸೂಚನೆಗಳನ್ನು ಕಚೇರಿಯಲ್ಲಿ ಮುದ್ರಿಸಿ ತಂದು (ಸ್ವಂತ ಕಾಗದದಲ್ಲಿ), ಕಾರಿಗೆ ಸಂಬಂಧಪಟ್ಟದ್ದಕ್ಕೆ ನೀಲಿ, ಮನುಷ್ಯನಿಗೆ ಸಂಬಂಧಪಟ್ಟದ್ದಕ್ಕೆ ಕೆಂಪು ಗೆರೆ ಎಳೆದರು.

ನೀಲಿ ಗೆರೆಗಳು ಅವರನ್ನು ಪಾಂಡವಪುರದ ಮೆಕ್ಯಾನಿಕ್ ಪುಟ್ಟಸ್ವಾಮಿಯ ಹತ್ತಿರ ಕರೆದೊಯ್ದವು. ಬ್ರೇಕು, ಬ್ರೇಕ್ ಎಣ್ಣೆ, ಟೈರು, ಚಕ್ರದ ನಟ್ಟು, ಬ್ಯಾಟರಿ ಅಲುಗಾಡುತ್ತದೆಯೇ ಎಲ್ಲವನ್ನೂ ನೋಡಬೇಕೆಂದರು. ಪುಟ್ಟಸ್ವಾಮಿ ಕಾರಿನ ಕೆಳಗೆ ತೂರಿ, ಒಂದೊಂದನ್ನೂ ತಟ್ಟಿ ನೋಡಿ, ಹೊರಗೆ ಬಂದು ಕೈ ಒರೆಸಿಕೊಂಡ.

"ಸ್ವಾಮೇರೆ, ಒಂಬತ್ತು ವರ್ಸದ ಕಾರು ಇಂಗಿರದ ನಾನ್ ಕಂಡಿಲ್ಲ. ಬ್ರೇಕ್ ಸವ್ದಿಲ್ಲ, ಕ್ಲಚ್ ಸವ್ದಿಲ್ಲ. ಐದ್ನೇ ಗೇರು ಅಂತೂ ಫ್ಯಾಕ್ಟ್ರೀಲಿ ಎಂಗೆ ಕೊಟ್ರೋ ಅಂಗೇ ಮಡಗಿದ್ದೀರಿ. ಇದ್ನ ಓಡ್ಸೀರೋ, ಪೂಜೆ ಮಾಡೀರೋ?"

ಮೂರ್ತಿಗಳು ವಿಷಾದದಿಂದ, ಆ ಗೇರನ್ನು ಬಳಸುವಂತೆ ಎಲ್ಲೂ ಬೋರ್ಡು ಕಂಡಿರಲಿಲ್ಲ ಎಂದರು. ಪುಟ್ಟಸ್ವಾಮಿ ಎಣ್ಣೆಗಳನ್ನು ಬದಲಾಯಿಸಿ, ಟೈರಿಗೆ ಗಾಳಿ ಅಳೆದು ಕಳಿಸಿದ.

ಮುಂದಿನ ನೀಲಿ ಗೆರೆ ಮನೆಯೊಳಗೆ ಯುದ್ಧ ತಂದಿತು. 'ಕಾರಿನೊಳಗೆ ಸಡಿಲವಾದ ಯಾವ ವಸ್ತುವೂ ಇರಬಾರದು' ಎಂದಿತ್ತು. ಶನಿವಾರ ಮಧ್ಯಾಹ್ನ ಮೂರ್ತಿಗಳು ವರಾಂಡದಲ್ಲಿ ಚಾಪೆ ಹಾಸಿ, ಕಾರಿನಲ್ಲಿದ್ದ ಒಂದೊಂದನ್ನೂ ತಂದು ಸಾಲಾಗಿ ಇಡತೊಡಗಿದರು. ಹದಿನಾಲ್ಕು ಮದುವೆಗಳ ತಾಂಬೂಲದ ಚೀಲ, ಒಣಗಿ ಗುಡುಗುಡು ಅನ್ನುವ ಮೂರು ತೆಂಗಿನಕಾಯಿ, ಎರಡು ಕೊಡೆ, ಕುಕ್ಕರಿನ ರಬ್ಬರು, ಹೋದ ವರ್ಷದ ಏಳನೇ ತರಗತಿಯ ಗಣಿತದ ಉತ್ತರಪತ್ರಿಕೆ, ಎಡಗಾಲಿನ ಒಂದು ಚಪ್ಪಲಿ. ಎಲ್ಲವೂ ಟೀಚರದ್ದೇ. ಸೀಟಿನ ಅಡಿಯಿಂದ ಕೊನೆಗೆ ಹೊರಬಂದದ್ದು ಮುಚ್ಚಳದ ಮೇಲೆ 'ಪ್ರಮೀಳಾ' ಎಂದು ಹೆಸರು ಕೆತ್ತಿದ ಸ್ಟೀಲ್ ಡಬ್ಬಿ. ಅದನ್ನು ವಾಪಸು ಕೊಟ್ಟಾಗಿದೆ ಎಂದು ಇಂದಿರಾ ತಂಗಿಯ ಮುಂದೆ ದೇವರಾಣೆ ಮಾಡಿ ಮೂರು ವರ್ಷವಾಗಿತ್ತು.

"ಇದನ್ನ ಯಾವ ಶೀರ್ಷಿಕೆಯಲ್ಲಿ ಬರ್ಕೊಳ್ಳಲಿ?" ಎಂದು ಮೂರ್ತಿಗಳು ಪೆನ್ನು ಹಿಡಿದು ಕೇಳಿದರು.

"ನೀವು ಬರ್ಕೊಳ್ಳೋದೂ ಬೇಡ, ನೋಡಿದ್ದೂ ಬೇಡ," ಎಂದು ಟೀಚರು ಡಬ್ಬಿಯನ್ನು ಸೆರಗಿನಡಿ ಸೇರಿಸಿ ಒಳಗೆ ಹೋದರು.

ಕೆಂಪು ಗೆರೆಗಳ ಪ್ರಕಾರ ಚಾಲಕನು ಪೂರ್ತಿ ತೋಳಿನ ಹತ್ತಿ ಬಟ್ಟೆ ಧರಿಸಬೇಕು, ಕಾಲು ಮುಚ್ಚುವ ಬೂಟು ಹಾಕಬೇಕು, ಎಂಟು ಗಂಟೆ ನಿದ್ದೆ ಮಾಡಬೇಕು, ಆಗಾಗ ನೀರು ಕುಡಿಯಬೇಕು. ಮೂರ್ತಿಗಳು ಏಳೂವರೆಗೇ ಮಲಗಿ, ನೀರಿನ ಆದೇಶವನ್ನು ಅತಿಯಾಗಿ ಪಾಲಿಸಿದ್ದರಿಂದ ನಿದ್ದೆಯ ಆದೇಶವನ್ನು ಪಾಲಿಸಲಾಗದೆ ಐದು ಸಲ ಎದ್ದರು. ಹೆಲ್ಮೆಟ್ಟು ಪುಟ್ಟಸ್ವಾಮಿಯ ಅಳಿಯನದು. ಅದರ ಹಿಂಬದಿಯಲ್ಲಿ ಬೆಂಕಿ ಉಗುಳುವ ತಲೆಬುರುಡೆಯ ಚಿತ್ರವಿತ್ತು. ಹಣೆಯ ಮೇಲೆ ನಾಮ, ಬೆನ್ನ ಕಡೆ ಬುರುಡೆ, ನಡುವೆ ತಾಲ್ಲೂಕು ಕಚೇರಿಯ ಪ್ರಥಮ ದರ್ಜೆ ಸಹಾಯಕರು. ಕನ್ನಡಿಯ ಮುಂದೆ ನಿಂತ ಗಂಡನನ್ನು ನೋಡಿ ಇಂದಿರಾಗೆ ತಾನು ಏನನ್ನೋ ಎಬ್ಬಿಸಿಬಿಟ್ಟೆನೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಆ ಗಂಡ ಬೆಳಿಗ್ಗೆ ಐದಕ್ಕೆ ಹೊರಟು ಮೂವತ್ತೈದರಲ್ಲೇ ಸಾಗಿ, ಚಿನಕುರಳಿಯ ಹತ್ತಿರ ಕಲ್ಲು ತುಂಬಿದ ಟಿಪ್ಪರುಗಳಿಗೆಲ್ಲ ದಾರಿ ಬಿಟ್ಟುಕೊಟ್ಟಾಗ ಆ ಭಯ ಪೂರ್ತಿ ಇಳಿಯಿತು.

ಟ್ರ್ಯಾಕಿನಲ್ಲಿ ಮೂವತ್ತು ಕಾರುಗಳಿದ್ದವು. ನೆಲಕ್ಕೆ ಹೊಟ್ಟೆ ತಾಗುವಂಥವು, ಹೊಗೆಕೊಳವೆಯಲ್ಲಿ ಗುಡುಗುವಂಥವು. ಅವುಗಳ ನಡುವೆ ಮೂರ್ತಿಗಳ ಬೂದು ಬಣ್ಣದ ಪುಟ್ಟ ಕಾರು ಮದುವೆಗೆ ಬಂದ ಬಡ ನೆಂಟನ ಹಾಗೆ ನಿಂತಿತು. ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಆದರೆ ತಪಾಸಣೆ ಶುರುವಾದಾಗ ಗುಡುಗುವ ಕಾರುಗಳಲ್ಲಿ ಐದು, ಟೈರು ಸವೆದಿದೆ, ಬ್ರೇಕು ಸೋರುತ್ತಿದೆ ಎಂದು ಹೊರಬಿದ್ದವು. ಮೂರ್ತಿಗಳ ಕಾರಿನ ಕೆಳಗೆ ಬಗ್ಗಿದ ತಪಾಸಣೆಯವನು ಇನ್ನಿಬ್ಬರನ್ನು ಕರೆದು ತೋರಿಸಿದ. ಬಾಗಿಲಿಗೆ ಏಳನೇ ನಂಬರು ಅಂಟಿಸಿದರು. ಮೂರ್ತಿಗಳು ರಸೀತಿ ಕೇಳಿದರು.

ತರಬೇತುದಾರಳು ಪ್ರಜ್ಞ ಎಂಬ ಚೂಟಿ ಹುಡುಗಿ, ಇಪ್ಪತ್ತೇಳರ ಪ್ರಾಯ. ಮೊದಲ ಸುತ್ತಿಗೆ ಅವಳು ಪಕ್ಕದಲ್ಲಿ ಕೂತಳು. ಇಂದಿರಾ ಪ್ರೇಕ್ಷಕರ ಮೆಟ್ಟಿಲುಗಳ ಮೇಲೆ ನಿಂತು ನೋಡಿದರು. ಎಲ್ಲ ಕಾರುಗಳೂ ಬಾಣದಂತೆ ಹಾದುಹೋದ ಮೇಲೆ, ಬಹಳ ಹೊತ್ತಿಗೆ, ದೂರದಲ್ಲಿ ಬೂದು ಬಣ್ಣ ಕಂಡಿತು. ಎಡಬದಿ ಹಿಡಿದು, ಇಂಡಿಕೇಟರ್ ಹಾಕಿಕೊಂಡು, ಮೂವತ್ತೈದರಲ್ಲಿ ಬರುತ್ತಿತ್ತು. ಹೀಗೇ ಮೂರು ಸಲ. ಆಮೇಲೆ ಕಾರು ಪಕ್ಕಕ್ಕೆ ಬಂದು ನಿಂತಿತು. ಒಳಗೆ ಏನೋ ವಾದ ನಡೆದು, ಪ್ರಜ್ಞ ಪೆನ್ನು ತೆಗೆದು ಏನನ್ನೋ ಬರೆದದ್ದು ಕಂಡಿತು. ಆಯಿತು, ಹೆಸರು ಹೊಡೆದು ಹೊರಗೆ ಹಾಕಿದರು ಎಂದುಕೊಂಡು ಇಂದಿರಾ ಮುಖ ಮುಚ್ಚಿಕೊಂಡರು.

ನಡೆದದ್ದು ಬೇರೆ. ಯಾಕೆ ಸರ್ ಇಷ್ಟು ನಿಧಾನ ಎಂದು ಪ್ರಜ್ಞ ಕೇಳಿದ್ದಳು. ಇಲ್ಲಿ ವೇಗದ ಮಿತಿಯ ಬೋರ್ಡಿಲ್ಲ, ಹಾಗಾಗಿ ನಾಗಮಂಗಲದ ಹಿಂದಿನ ಬೋರ್ಡೇ ಲಾಗೂ ಎಂದು ಮೂರ್ತಿಗಳು ವಿವರಿಸಿದ್ದರು. ಮಿತಿ ಇಲ್ಲ ಸರ್, ನೇರದಲ್ಲಿ ಪೂರ್ತಿ ಒತ್ತಿ ಎಂದರೆ, ಅದು ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲವಲ್ಲಮ್ಮ ಎಂದಿದ್ದರು. ಕೊನೆಗೆ ಆ ಹುಡುಗಿ ಅವರದೇ ಪ್ರತಿಯ ಮೇಲೆ, 'ನೇರ ಮಾರ್ಗದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತತಕ್ಕದ್ದು' ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ ಇಳಿದಳು. ಮೂರ್ತಿಗಳು ಎರಡು ಸಲ ಓದಿ ಮಡಿಸಿ ಜೇಬಿಗಿಟ್ಟುಕೊಂಡರು.

ಇದಾವುದೂ ತಿಳಿಯದ ಇಂದಿರಾ, ಆಯೋಜಕರು ಕೊಟ್ಟ ಹೆಲ್ಮೆಟ್ಟನ್ನು ತುರುಬಿನ ಮೇಲೆ ಒತ್ತಿಕೊಂಡು ಎರಡನೇ ಸುತ್ತಿಗೆ ಬಂದು ಕೂತರು. ನಿಯಮದಂತೆ ಕಿಟಕಿಯ ಗಾಜುಗಳನ್ನೆಲ್ಲ ಇಳಿಸಿದ್ದರು. ಇಂದಿರಾ ಮುಖ ಗಂಟಿಕ್ಕಿಕೊಂಡು ಹೇಳಿದರು, "ಇಲ್ಲಾದ್ರೂ ಸ್ವಲ್ಪ ಜೋರಾಗಿ ಓಡ್ಸಿ. ಎಲ್ಲರೆದುರಿಗೆ ಮಾನ ಹೋಗ್ತಿದೆ."

"ಆದೇಶ ಬಂದಿದೆ," ಎಂದರು ಮೂರ್ತಿಗಳು.

ಒಂಬತ್ತು ವರ್ಷ ಧ್ಯಾನದಲ್ಲಿದ್ದ ಕಾರು ಮೈಮುರಿದು ಎದ್ದಿತು. ಮೂರನೇ ಗೇರು, ನಾಲ್ಕನೇ ಗೇರು, ಆಮೇಲೆ ಆ ಮುಟ್ಟದ ಐದನೇ ಗೇರು. ಮುಳ್ಳು ನೂರ ಹದಿನೆಂಟಕ್ಕೆ ಹೋಯಿತು. ಇಂದಿರಾ ಗಣಿತದ ಟೀಚರು. ಸೆಕೆಂಡಿಗೆ ಸುಮಾರು ಮೂವತ್ತಮೂರು ಮೀಟರು, ಎದುರಿನ ತಿರುವಿಗೆ ನೂರೈವತ್ತು ಮೀಟರು ಎಂದು ಅವರ ತಲೆ ತಾನಾಗಿ ಲೆಕ್ಕ ಹಾಕಿತು. ಉತ್ತರ ಬಂದಾಗ ಲೆಕ್ಕವನ್ನೇ ಬಿಟ್ಟು ರಂಗನಾಥಸ್ವಾಮಿಯನ್ನು ಹಿಡಿದುಕೊಂಡರು. ಬಾಯಿಂದ ಹೊರಟದ್ದು ಮಾತ್ರ ಬೇರೆ.

"ನಿಧಾನ ರೀ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಎರಡು ಶಬ್ದ ಅವರ ಬಾಯಿಂದ ಒಂದು ದಿನವೂ ಬಂದಿರಲಿಲ್ಲ. ಈಗ ಒಂದರ ಹಿಂದೆ ಒಂದು ಬಂದವು. ಮೂರ್ತಿಗಳು ಹಜಾರದಲ್ಲಿ ಪೇಪರು ಓದುತ್ತ ಕೂತವರ ಹಾಗೆ, ಸ್ಟೀರಿಂಗನ್ನು ಮೃದುವಾಗಿ ತಿರುಗಿಸುತ್ತ, "ನೇರದಲ್ಲಿ ನಿಧಾನ ಮಾಡೋ ಹಾಗಿಲ್ಲ ಕಣೇ. ತಿರುವಿಗೆ ಮುಂಚೆ ಮಾಡ್ತೀನಿ, ಸ್ವಲ್ಪ ತಡ್ಕೋ," ಎಂದು ಸಮಾಧಾನ ಹೇಳಿದರು. ಹೀಗೆ ಆರು ಸಲ ಟ್ರ್ಯಾಕ್ ಸುತ್ತಿದರು. ಗಾಜು ಇಳಿಸಿದ್ದರಿಂದ ಮೂಲೆಮೂಲೆಯಲ್ಲಿ ಬಾವುಟ ಹಿಡಿದು ನಿಂತಿದ್ದವರಿಗೂ, ಮೆಟ್ಟಿಲ ಮೇಲಿದ್ದ ಹುಡುಗರಿಗೂ ಬೂದು ಕಾರು ಕಾಣುವುದಕ್ಕೆ ಮೊದಲೇ ಟೀಚರ ದನಿ ಕೇಳುತ್ತಿತ್ತು. ಐದನೇ ಸಲದ ಹೊತ್ತಿಗೆ ಹುಡುಗರೂ ತಾಳ ಹಾಕಿ "ನಿಧಾನ ರೀ" ಎಂದು ದನಿಗೂಡಿಸಿದರು.

ಇಳಿದೊಡನೆ ಇಂದಿರಾ ಹೆಲ್ಮೆಟ್ಟನ್ನು ಕಿತ್ತು ಆಯೋಜಕರ ಕೈಗೆ ಒಪ್ಪಿಸಿದರು. ಪ್ರಜ್ಞ ಓಡಿ ಬಂದು, ಈ ದಿನ ಎಲ್ಲರಿಗಿಂತ ನಯವಾಗಿ ಓಡಿಸಿದವರು ನಿಮ್ಮ ಯಜಮಾನರೇ ಮೇಡಂ, ನೀವು ಎಷ್ಟು ಪ್ರೋತ್ಸಾಹ ಕೊಡ್ತಿದ್ರಿ ಅಂದಳು. ಹೆಲ್ಮೆಟ್ಟು ತೆಗೆದ ಮೂರ್ತಿಗಳ ನಾಮ ಉಜ್ಜಿಹೋಗಿ ಹಣೆಯೆಲ್ಲ ಕೆಂಪಾಗಿತ್ತು. ಮುಖದಲ್ಲಿ ಬಡ್ತಿ ಸಿಕ್ಕವರ ಕಳೆ. ಸರ್ಟಿಫಿಕೇಟ್ ಕೊಡುವಾಗ ಪ್ರಜ್ಞ ಎಲ್ಲರಿಗೂ ಎಚ್ಚರಿಕೆ ಹೇಳಿದಳು. ವೇಗ ಏನಿದ್ದರೂ ಇಲ್ಲಿಗೆ ಮಾತ್ರ, ಗೇಟು ದಾಟಿದ ಮೇಲೆ ಊರಿನ ರಸ್ತೆ, ಅಲ್ಲಿ ನಿಧಾನವೇ ಸರಿ. ಮೂರ್ತಿಗಳು ಜೇಬಿನಿಂದ ಕಾಗದ ತೆಗೆದು, ಅದನ್ನೂ ಬರೆದುಕೊಡಮ್ಮ ಎಂದರು. ಅವಳು ಬರೆದಳು.

ಸಂಜೆ ಮೂವತ್ತೈದರಲ್ಲಿ ವಾಪಸು ಹೊರಟರು. ಇಂದಿರಾ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾಗಮಂಗಲ ದಾಟಿತು, ಜಕ್ಕನಹಳ್ಳಿ ದಾಟಿತು. ಚಿನಕುರಳಿಯ ಹತ್ತಿರ ಹುಲ್ಲು ತುಂಬಿದ ಟ್ರಾಕ್ಟರು ಹಿಂದಿನಿಂದ ಬಂದು ಹಾರನ್ ಹೊಡೆಯಿತು. ಮೊದಲಾದರೆ ಟೀಚರು ಕಿಟಕಿಯಿಂದ ತಲೆ ಹಾಕಿ ಅವನಿಗೆ ಎರಡು, ಒಳಗೆ ತಿರುಗಿ ಗಂಡನಿಗೆ ನಾಲ್ಕು ಕೊಡುತ್ತಿದ್ದರು. ಈಗ ಟ್ರಾಕ್ಟರು ಮುಂದೆ ಹೋಗುವುದನ್ನು ನೆಮ್ಮದಿಯಿಂದ ನೋಡಿದರು.

ಮೂರ್ತಿಗಳು ಕನ್ನಡಿ ನೋಡಿದರು, ರಸ್ತೆ ನೋಡಿದರು, ಆಮೇಲೆ ಹೆಂಡತಿಯ ಕಡೆ ತಿರುಗಿ ಮದುವೆಯಾದಾಗಿನಿಂದ ಕೇಳದಿದ್ದ ಪ್ರಶ್ನೆ ಕೇಳಿದರು.

"ಬೇಜಾರಾಗ್ತಿದೆಯೇನೋ. ಸ್ವಲ್ಪ ಜೋರಾಗಿ ಹೋಗ್ಲಾ?"

ಇಂದಿರಾ ಆ ಮುಖವನ್ನು ಚೆನ್ನಾಗಿ ನೋಡಿದರು. ನಗು ಏನಾದರೂ ಇದೆಯೇ ಎಂದು ಮೀಸೆಯ ಕೆಳಗೂ ಹುಡುಕಿದರು. ಕಚೇರಿಯ ಕಡತದಷ್ಟೇ ನಿರ್ವಿಕಾರವಾಗಿತ್ತು.

"ಬೇಡ," ಅಂದರು. "ಹೀಗೇ ಇರ್ಲಿ."

ಮೂರ್ತಿಗಳು ತಲೆಯಾಡಿಸಿದರು. ಹೆಂಡತಿಯ ಮಾತಿಗೂ ಒಂದು ಗೌರವ ಬೇಕಲ್ಲ ಎಂದು ಮೂವತ್ತಕ್ಕೆ ಇಳಿಸಿದರು.