ಬ್ರೇಕ್ ಸುಸ್ಥಿತಿಯಲ್ಲಿದೆ

ಈ ಪ್ರಪಂಚದಲ್ಲಿ ನಡೆಯುವ ಪ್ರತಿಯೊಂದು ತಪ್ಪಿಗೂ ಒಂದು ಶೇಕಡಾ ಲೆಕ್ಕವಿದೆ, ಅದನ್ನು ನಿಖರವಾಗಿ ಹೇಳಬಲ್ಲವನು ನಾನೊಬ್ಬನೇ! ಹೀಗೆಂದು ಹತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ. ನಾನು ವಿಮಾ ಕಂಪನಿಯ ಸರ್ವೇಯರ್. ಎಲ್ಲಾದರೂ ಎರಡು ವಾಹನ ಗುದ್ದಿಕೊಂಡರೆ ಟೇಪು, ಸೀಮೆಸುಣ್ಣ ಹಿಡಿದು ಅಲ್ಲಿಗೆ ಹೋಗುವುದು, ಅಳೆದು ನಕ್ಷೆ ಬರೆಯುವುದು, ಲಾರಿಯವನ ತಪ್ಪು ಎಪ್ಪತ್ತು, ಕಾರಿನವನದು ಮೂವತ್ತು ಎಂದು ತೀರ್ಪು ಕೊಡುವುದು ನನ್ನ ಕಸುಬು. ನಮೂನೆಯ ಕೊನೆಯ ಅಂಕಣದಲ್ಲಿ ವಾಹನದ ಗತಿಯನ್ನೂ ನಾನೇ ಬರೆಯಬೇಕು: ದುರಸ್ತಿಯೋ, ಗುಜರಿಯೋ ಎಂದು. ಇಷ್ಟು ವರ್ಷಗಳಲ್ಲಿ ನನ್ನ ಒಂದೇ ಒಂದು ರಿಪೋರ್ಟು ವಾಪಸು ಬಂದಿರಲಿಲ್ಲ.

ಇಂಥ ಮಹಾವಿದ್ಯೆಯನ್ನು ಆಫೀಸಿನ ಬೀರುವಿನಲ್ಲೇ ಬೀಗ ಹಾಕಿ ಬರಲು ಮನಸ್ಸಾಗುತ್ತದೆಯೇ? ಮನೆಗೂ ತರುತ್ತಿದ್ದೆ. ಹಾಲು ಉಕ್ಕಿ ಒಲೆ ತುಂಬಾ ಚೆಲ್ಲಿದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ.

"ನಿನ್ನ ತಪ್ಪು ಅರವತ್ತು. ಪಾತ್ರೆ ಚಿಕ್ಕದಿತ್ತು, ಅದರದು ಮೂವತ್ತು. ಮಧ್ಯ ನಾನು ಮಾತಾಡಿಸಿದೆ, ನನ್ನದೊಂದು ಹತ್ತು."

"ಒರೆಸೋದು ಮಾತ್ರ ನೂರಕ್ಕೆ ನೂರು ನನ್ನದೇ ಅಲ್ವಾ?" ಎನ್ನುತ್ತಿದ್ದಳು ನನ್ನವಳು, ಬಟ್ಟೆ ಹಿಂಡುತ್ತ.

ಹೀಗಿರುವಾಗ ಒಂದು ದಿನ ಆಫೀಸಿನಲ್ಲಿ ನಾನು ಕುರ್ಚಿಯಿಂದ ಏಳುವ ಹೊತ್ತಿಗೆ ಪ್ಯಾಂಟಿನ ಗುಂಡಿ ಸಿಡಿದು ಹಾರಿ ಸೀದಾ ಮ್ಯಾನೇಜರರ ಚಹಾದೊಳಗೆ ಬಿತ್ತು. ಅವರು ಚಮಚದಿಂದ ಅದನ್ನು ಎತ್ತಿ, ತಟ್ಟೆಯ ಅಂಚಿನಲ್ಲಿಟ್ಟು, ನನ್ನ ಹೊಟ್ಟೆಯನ್ನು ಒಮ್ಮೆ ನೋಡಿದರು, ಅಷ್ಟೆ. ಆ ಸಂಜೆಯೇ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದ ನನ್ನ ಹಳೆಯ ಸೈಕಲ್ಲನ್ನು ಹೊರಗೆಳೆದು, ಬೀದಿ ಕೊನೆಯ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಶಾಪಿನವನು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ನೋಡಿದ.

"ಸಾರ್, ಹಿಂದಿನ ಬ್ರೇಕ್ ವಯರು ಎಳೆ ಎಳೆ ಬಿಟ್ಕೊಂಡಿದೆ. ಮುಂದಿನ ರಬ್ಬರ್ ಸವೆದು ಹೋಗಿದೆ. ಹೊಸ ಸಾಮಾನು ಗುರುವಾರ ಬರುತ್ತೆ. ಅಲ್ಲೀತನಕ ಹತ್ಬೇಡಿ."

"ಬ್ರೇಕಿನ ಪಾಠ ನನಗೇ ಹೇಳ್ತೀಯೇನಪ್ಪಾ? ನೀನು ನೋಡಿರೋ ಸೈಕಲ್ಲಿಗಿಂತ ನಾನು ನೋಡಿರೋ ಮುರಿದ ಬ್ರೇಕೇ ಜಾಸ್ತಿ!"

ಗಾಳಿ ಮಾತ್ರ ಹೊಡೆಸಿಕೊಂಡು ಬಂದೆ. ಊಟಕ್ಕೆ ಕೂತಾಗ ಹೆಂಡತಿ ಮಗಳ ಮುಂದೆ ಘೋಷಿಸಿದೆ: "ನಾಳೆಯಿಂದ ಕೆರೆ ಸುತ್ತ ದಿನಾ ಹತ್ತು ಸುತ್ತು! ತಿಂಗಳೊಳಗೆ ಹತ್ತು ಕೆಜಿ ಇಳಿಯದಿದ್ದರೆ ನನ್ನ ಹೆಸರು ಬದಲಾಯಿಸಿ!"

"ಇಳಿಯೋದು ಯಾರಪ್ಪಾ, ನೀನಾ ಸೈಕಲ್ಲಾ?" ಎಂದಳು ಮಗಳು. ಕಾಲೇಜಿಗೆ ಹೋಗುವ ಹುಡುಗಿ, ನಾಲಿಗೆ ಮಾತ್ರ ಅಮ್ಮನದೇ.

ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಕೆರೆ. ಅದರ ಸುತ್ತ ಒಂದು ಹಾದಿ, ಹಾದಿಯ ನಡುವೆ ಹಳದಿ ಗೆರೆ. ಎಡಗಡೆಗೆ ನಡೆಯುವ ಮನುಷ್ಯನ ಚಿತ್ರ, ಬಲಗಡೆಗೆ ಸೈಕಲ್ಲಿನ ಚಿತ್ರ. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತಬೇಕೆಂದು ಗೇಟಿನಲ್ಲಿ ಫಲಕ ಬೇರೆ ಇದೆ. ಫಲಕವನ್ನು ಓದುವವರು ನನ್ನಂಥ ಸರ್ವೇಯರುಗಳು ಮಾತ್ರ. ಉಳಿದವರೆಲ್ಲ ಬೆಲ್ಲು ಕೇಳಿದ ಕೂಡಲೇ ಎಡಕ್ಕಿದ್ದವರು ಬಲಕ್ಕೆ, ಬಲಕ್ಕಿದ್ದವರು ಎಡಕ್ಕೆ ಹಾರುತ್ತಾರೆ, ಮಧ್ಯದಲ್ಲಿದ್ದವರು ಅಲ್ಲೇ ನಿಂತು ಆಕಾಶ ನೋಡುತ್ತಾರೆ. ಅವರನ್ನೆಲ್ಲ ಮನಸ್ಸಿನಲ್ಲೇ ತಲಾ ಎಂಬತ್ತರಂತೆ ತಪ್ಪಿತಸ್ಥರನ್ನಾಗಿ ಮಾಡುತ್ತ ನಾನು ಮೊದಲ ಸುತ್ತನ್ನು ರಾಜಗಾಂಭೀರ್ಯದಿಂದ ಮುಗಿಸಿದೆ.

ಎರಡನೇ ಸುತ್ತಿನಲ್ಲಿ, ಏರಿಯ ಮೇಲಿನಿಂದ ಇಳಿಜಾರಿಗೆ ತಿರುಗಿದಾಗ ಕೆಳಗೆ ನನ್ನ ಹೆಂಡತಿ ಕಂಡಳು. ಅವಳಿಗೆ ಮಂಡಿನೋವು. ದಿನಾ ಇಪ್ಪತ್ತು ನಿಮಿಷ ಹಿಮ್ಮುಖವಾಗಿ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಅಂದರೆ ಅವಳು ಹೋಗುತ್ತಿದ್ದದ್ದು ನಾನು ಹೋಗುವ ದಿಕ್ಕಿಗೇ, ಮುಖ ಮಾತ್ರ ನನ್ನ ಕಡೆಗೆ! ತನ್ನ ಎಡಗೈ ಕಡೆಗೇ ಶಿಸ್ತಾಗಿ ನಡೆಯುತ್ತಿದ್ದಳು. ಆದರೆ ಬೆನ್ನು ಮುಂದಾದ ಮೇಲೆ ಅವಳ ಎಡ ಹಾದಿಯ ಬಲವಾಗುತ್ತದಲ್ಲ, ಹಾಗಾಗಿ ಸೈಕಲ್ಲಿನ ಚಿತ್ರದ ಮೇಲೆಯೇ ಹೆಜ್ಜೆಯಿಡುತ್ತ ಸಾಗಿದ್ದಳು.

ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕೆ. ಕೈ ಬೀಸಿದಳು. ನಾನೂ ಬೀಸಿದೆ. ಎಷ್ಟೋ ವರ್ಷಗಳಿಂದ ನಾವು ಹೀಗೆ ಒಬ್ಬರನ್ನೊಬ್ಬರು ನೋಡಿ ನಕ್ಕಿರಲಿಲ್ಲ! ನೋಡುತ್ತಿದ್ದಾಳಲ್ಲ, ಸರಿಯುತ್ತಾಳೆ ಎಂದುಕೊಂಡೆ. ನೋಡುತ್ತಿದ್ದಾರಲ್ಲ, ಬ್ರೇಕ್ ಹಾಕುತ್ತಾರೆ ಎಂದುಕೊಂಡಳು. ಹತ್ತು ಮಾರು ಉಳಿದಾಗ ನಾನು ಹಿಂದಿನ ಬ್ರೇಕ್ ಒತ್ತಿದೆ. "ಟಪ್!" ಎಂದಿತು. ಮುಂದಿನದನ್ನು ಒತ್ತಿದೆ, ಅದು "ಕೀಂ" ಎಂದು ಅತ್ತಿತೇ ಹೊರತು ಬೇರೇನೂ ಮಾಡಲಿಲ್ಲ. ನಗು ಮುಖದಿಂದ ಇಳಿಯುವ ಮೊದಲೇ ನಾನು ಹುಲ್ಲಿನ ಮೇಲಿದ್ದೆ, ಅವಳು ಹಾದಿಯ ಮೇಲಿದ್ದಳು.

ಗೇಟಿನ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. "ಸಾರ್, ಇಪ್ಪತ್ತು ವರ್ಷದಿಂದ ಇಲ್ಲಿದ್ದೀನಿ. ಟಾಟಾ ಮಾಡ್ಕೊಂಡು ಗುದ್ದಿದ್ದನ್ನ ಇವತ್ತೇ ನೋಡಿದ್ದು!"

ನನಗೆ ಒಂದು ಗೀರೂ ಆಗಿರಲಿಲ್ಲ. ಅವಳ ಬಲಗೈ ಮಣಿಕಟ್ಟು ಉಳುಕಿತ್ತು. ಡಾಕ್ಟರು ಪಟ್ಟಿ ಸುತ್ತಿ, ಮೂರು ವಾರ ಆ ಕೈಯಲ್ಲಿ ಚಮಚವನ್ನೂ ಎತ್ತಬಾರದು ಎಂದರು. ಮನೆಗೆ ಬಂದು ಕೂತ ಮೇಲೆ ನಾನು ಸುಮ್ಮನಿರಬಾರದಿತ್ತೇ? ನಾಲಿಗೆ ಕೇಳಬೇಕಲ್ಲ!

"ಬೇಜಾರು ಮಾಡ್ಕೋಬೇಡ ಕಣೇ. ಆದ್ರೆ ತಪ್ಪಿನ ಲೆಕ್ಕ ಹಾಕಿದ್ರೆ..."

"ಹಾಕಿ," ಎಂದಳು ಅವಳು. "ಬರೆದೇ ಕೊಡಿ. ಊರಿಗೆಲ್ಲ ಬರೆದು ಕೊಡ್ತೀರಲ್ಲ, ನಿಮ್ಮದೇ ನಮೂನೇಲಿ ಬರೆದು, ಸಹಿ ಹಾಕಿ ಕೊಡಿ. ಯಾರ ತಪ್ಪು ಜಾಸ್ತಿಯೋ ಅವರು ಮೂರು ವಾರ ಅಡುಗೆಮನೆ ನೋಡ್ಕೊಳ್ಳೋದು."

"ನಿನ್ನದೇ ಜಾಸ್ತಿ ಅಂತ ಬಂದ್ರೆ?"

"ಎಡಗೈ ಇದೆಯಲ್ಲ, ಮಾಡ್ತೀನಿ."

ನಾನು ಬಾಗಿಲು ಹಾಕಿಕೊಂಡು ನಮೂನೆ ತುಂಬಲು ಕೂತೆ. ಪಾದಚಾರಿ ಸೈಕಲ್ ಹಾದಿಯಲ್ಲಿದ್ದುದು ಸತ್ಯ. ಪಾದಚಾರಿಗೆ ವಾಹನವು ಸ್ಪಷ್ಟವಾಗಿ ಕಾಣುತ್ತಿದ್ದುದೂ ಸತ್ಯ. ಸರಸರನೆ ಬರೆಯುತ್ತ ಹೋದವನು ಏಳನೇ ಅಂಕಣಕ್ಕೆ ಬಂದು ನಿಂತೆ. "ವಾಹನದ ಬ್ರೇಕಿನ ಸ್ಥಿತಿ." ಹತ್ತೊಂಬತ್ತು ವರ್ಷದಲ್ಲಿ ಆ ಅಂಕಣದಲ್ಲಿ ಒಂದೂ ಸುಳ್ಳು ಬರೆದವನಲ್ಲ. ಸತ್ಯ ಬರೆದರೆ ಮೂರು ವಾರ ಮೂರು ಹೊತ್ತು ಒಲೆಯ ಮುಂದೆ ನಾನು! ಅಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಅಲ್ಲಿ ತೊಳೆಯದೆ ಬಿದ್ದ ಪಾತ್ರೆಗಳ ರಾಶಿ ಕಣ್ಣಮುಂದೆ ಬಂತು. ಬರೆದುಬಿಟ್ಟೆ: "ಬ್ರೇಕ್ ಸುಸ್ಥಿತಿಯಲ್ಲಿದೆ." ಪಾದಚಾರಿಯ ತಪ್ಪು ಎಂಬತ್ತು, ಸವಾರನದು ಇಪ್ಪತ್ತು.

ಅವಳು ಇಡೀ ರಿಪೋರ್ಟನ್ನು ನಿಧಾನವಾಗಿ ಓದಿದಳು. ನಾನು ಗೋಡೆಯ ಕ್ಯಾಲೆಂಡರನ್ನು ಓದಿದೆ.

"ಬ್ರೇಕ್ ಸರಿ ಇತ್ತಾ?"

"ಬರೆದಿದೆಯಲ್ಲ."

"ಸರಿ ಹಾಗಾದ್ರೆ," ಎಂದವಳೇ ಎದ್ದು ಹೋಗಿ ಎಡಗೈಯಲ್ಲಿ ಈರುಳ್ಳಿ ಹೆಚ್ಚಲು ಕೂತಳು. ಒಂದೊಂದು ಹೋಳೂ ಒಂದೊಂದು ಗಾತ್ರ. ಈರುಳ್ಳಿ ಹೆಚ್ಚುತ್ತಿದ್ದವಳು ಅವಳು, ಕಣ್ಣಲ್ಲಿ ನೀರು ಬಂದದ್ದು ನನಗೆ. ಜಗಳವಾಡಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಗುರುವಾರ ಬಂತು. ಸೈಕಲ್ ಶಾಪಿಗೆ ಹೊಸ ವಯರು ಬಂದಿರುತ್ತದೆ, ಗೊತ್ತು. ಆದರೆ ಹೋಗುವುದು ಹೇಗೆ? ಸುಸ್ಥಿತಿಯಲ್ಲಿರುವ ಬ್ರೇಕಿಗೆ ರಿಪೇರಿ ಯಾಕೆ ಎಂದು ಅವಳು ಕೇಳಿದರೆ? ತುಂಡಾದ ವಯರನ್ನು ದಾರದಲ್ಲಿ ಕಟ್ಟಿ, ಸೀಟಿನ ಕೆಳಗೆ ಸಿಕ್ಕಿಸಿ, ಸೈಕಲ್ಲನ್ನು ಗೇಟಿನ ಪಕ್ಕ ನಿಲ್ಲಿಸಿದೆ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಶನಿವಾರ ಮಗಳು ತಕರಾರು ತೆಗೆದಳು. "ಅಪ್ಪಾ, ಈ ರಿಪೋರ್ಟಲ್ಲಿ ಸ್ಥಳದ ನಕ್ಷೆ ಎಲ್ಲಿ? ನಕ್ಷೆ ಇಲ್ದಿರೋ ರಿಪೋರ್ಟು ಕಸದ ಬುಟ್ಟಿಗೆ ಅಂತ ನೀನೇ ಹೇಳ್ತೀಯಲ್ಲ? ನಾನು ಅಮ್ಮನ ಪರ. ಒಪ್ಪಲ್ಲ."

ಸ್ವಾಭಿಮಾನ ಕೆರಳಿತು! ಟೇಪು, ಸೀಮೆಸುಣ್ಣ ಹಿಡಿದು ಕೆರೆಗೆ ನಡೆದೇ ಹೋದೆ. ಅಲ್ಲಿ ಮುಟ್ಟಿದ ಮೇಲೆ ಗೊತ್ತಾಯಿತು, ಕನ್ನಡಕ ಟೇಬಲ್ಲಿನ ಮೇಲೇ ಉಳಿದಿತ್ತು. ಆದರೇನು, ಹತ್ತೊಂಬತ್ತು ವರ್ಷದ ಅನುಭವ! ಇಳಿಜಾರಿನ ಬುಡದಲ್ಲಿ ಸೈಕಲ್ಲಿನ ಚಿತ್ರದ ಮೇಲೆ ಮಂಡಿಯೂರಿ ಕೂತು, ಹೆಂಡತಿ ಬಿದ್ದಿದ್ದ ಜಾಗದಲ್ಲಿ ಅವಳ ಆಕಾರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದೆ.

"ಸಾರ್, ಅಮ್ಮಾವ್ರು ಇಷ್ಟು ದಪ್ಪ ಇಲ್ಲ," ಎಂದ ಕಾವಲುಗಾರ. "ಮತ್ತೆ ನೀವು ಕೂತಿರೋದು ಸೈಕಲ್ ದಾರೀಲಿ."

"ನಾನು ಯಾರು ಗೊತ್ತೇನಯ್ಯಾ? ಸರ್ವೇಯರ್!"

ಆಗ ಇಳಿಜಾರಿನ ಮೇಲೆ ಯಾರೋ ಸೈಕಲ್ಲಿನಲ್ಲಿ ಕಂಡರು. ಕನ್ನಡಕವಿಲ್ಲದ ಕಣ್ಣಿಗೆ ಮುಖ ಮಸುಕು. ಅವರು ಜೋರಾಗಿ ಕೈ ಬೀಸುತ್ತಿದ್ದರು. ಪರಿಚಯದವರೇ ಇರಬೇಕೆಂದು ನಾನೂ ನಕ್ಕು ಸೀಮೆಸುಣ್ಣದ ಕೈಯನ್ನೇ ಬೀಸಿದೆ.

"ಅಪ್ಪಾ! ಏಳೂ! ಬ್ರೇಕೇ ಇಲ್ಲಾ!"

ದನಿ ನನ್ನ ಮಗಳದು! ಏಳಲು ಹೋಗಿ ಟೇಪು ಕಾಲಿಗೆ ಸುತ್ತಿಕೊಂಡಿತು. ಮುಂದಿನ ಚಕ್ರ ಬಂದು ನನ್ನ ಭುಜಕ್ಕೆ ಬಡಿಯಿತು. ಅವಳು ನನ್ನ ತಲೆಯ ಮೇಲಿಂದ ಹಾರಿ ಹುಲ್ಲಿನಲ್ಲಿ ಬಿದ್ದಳು. ನನ್ನ ಎಡಗೈ ಅಡಿಯಲ್ಲಿ ಸಿಕ್ಕಿ ಮುರಿದಂತೆ ನೋಯುತ್ತಿತ್ತು, ಆದರೆ ನನಗೆ ಅದರ ಪರಿವೆಯೇ ಇರಲಿಲ್ಲ. ಅಂಬೆಗಾಲಿನಲ್ಲೇ ಅವಳ ಹತ್ತಿರ ಹೋದೆ. ಮೊಣಕೈ ತರಚಿತ್ತು, ಅಷ್ಟೇ. ಅವಳು ಎದ್ದು ಕೂತು, ತಲೆಗೂದಲಿಂದ ಹುಲ್ಲು ಕೊಡವಿ, ಜೇಬಿನಿಂದ ನನ್ನ ಕನ್ನಡಕ ತೆಗೆದಳು. ಒಂದು ಗಾಜು ಒಡೆದಿತ್ತು.

"ಅಮ್ಮ ಕೊಟ್ಟು ಬಾ ಅಂದ್ಲು. ಬೇಗ ಆಗ್ಲಿ, ಸೈಕಲ್ ತಗೊಂಡು ಹೋಗು ಅಂದ್ಲು."

"ಬ್ರೇಕ್ ನೋಡ್ಕೋಬಾರದೇನೇ, ಮಗಳೇ!"

"ಯಾಕೆ ನೋಡ್ಲಿ? ನೀನೇ ಬರೆದಿದ್ಯಲ್ಲ."

ಅದೇ ಡಾಕ್ಟರು. ನನ್ನ ಎಡ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತ, "ಮನೆಯವರದು ಬಲ, ನಿಮ್ಮದು ಎಡ. ಜೋಡಿ ಪೂರ್ತಿಯಾಯ್ತು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಹುಲ್ಲಿನ ಜಾಗದಲ್ಲಿ ಕಲ್ಲಿದ್ದಿದ್ದರೆ ಎಂಬ ಯೋಚನೆಯೇ ದಾರಿಯುದ್ದಕ್ಕೂ ನನ್ನನ್ನು ಕೊರೆಯುತ್ತಿತ್ತು.

ಮನೆಗೆ ಬಂದು ಹೆಂಡತಿಯ ಮುಂದೆ ನಿಂತು ಎಲ್ಲವನ್ನೂ ಕಕ್ಕಿದೆ. ಶಾಪಿನವನು ಹೇಳಿದ್ದು, ವಯರು ಟಪ್ ಎಂದದ್ದು, ದಾರ ಕಟ್ಟಿದ್ದು, ಏಳನೇ ಅಂಕಣ. ಅವಳು ಮಗಳ ಮೊಣಕೈಗೆ ಮುಲಾಮು ಹಚ್ಚುತ್ತಿದ್ದಳು. ಕೂಗಾಡುತ್ತಾಳೆ ಎಂದು ಕಾದೆ. ಮುಲಾಮಿನ ಮುಚ್ಚಳವನ್ನು ಎಡಗೈಯಲ್ಲಿ ತಿರುಪಿ ಮುಚ್ಚಿ ತಲೆಯೆತ್ತಿದಳು.

"ನೋಡಿ, ಮದುವೆಯಾದಾಗಿಂದ ನಿಮ್ಮ ಮಾತು ನಾನು ಯಾವತ್ತೂ ನಂಬಿಲ್ಲ. ಐದು ನಿಮಿಷಕ್ಕೆ ಬಂದೆ ಅಂದ್ರೆ ಒಂದು ಗಂಟೆ ಅಂದ್ಕೋತೀನಿ. ಆದ್ರೆ ನಿಮ್ಮ ರಿಪೋರ್ಟು ನಂಬಿದ್ದೆ. ನಂಬಿದ್ದಕ್ಕೇ ಮಗಳನ್ನ ಆ ಸೈಕಲ್ ಮೇಲೆ ಕಳಿಸಿದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ತಪ್ಪಾಯ್ತು ಕಣೇ," ಎಂದೆ. ಶೇಕಡಾ ಎಷ್ಟು ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಇನ್ನೊಂದು ನಮೂನೆ ಕೊಡಿ," ಎಂದಳು.

ಕೊಟ್ಟೆ. ಎಡಗೈಯಲ್ಲೇ, ಅಂಕುಡೊಂಕು ಅಕ್ಷರಗಳಲ್ಲಿ ಅರ್ಧ ಗಂಟೆ ಬರೆದಳು. ನಾನು ಅಷ್ಟರಲ್ಲಿ ಅಡುಗೆಮನೆಗೆ ಹೋಗಿ ಒಂದೇ ಕೈಯಲ್ಲಿ ಒಂದು ಆಲೂಗಡ್ಡೆಯ ಜೊತೆ ಗುದ್ದಾಡಿದೆ. ಅದು ಉರುಳಿ ಒಲೆಯ ಕೆಳಗೆ ಹೋಯಿತು, ಹುಡುಕಿ ತಂದೆ, ಮತ್ತೆ ಉರುಳಿತು. ಮೂರನೇ ಸಲ ಉರುಳುವ ಮೊದಲು ಪಕ್ಕದಿಂದ ಒಂದು ಎಡಗೈ ಬಂದು ಅದನ್ನು ಹಿಡಿದುಕೊಂಡಿತು. ನಾನು ಬಲಗೈಯಲ್ಲಿ ಹೆಚ್ಚಿದೆ. ಇಬ್ಬರಿಗೂ ಸೇರಿ ಒಂದು ಜೊತೆ ಕೈ!

"ಬೆರಳು ಜೋಪಾನ," ಎಂದಳು. "ಚಾಕು ನಿಮ್ಮ ಕಡೆಗೆ ಸರಿಸಿ. ಎಡ ಬಲ ಗೊತ್ತಾಗಲ್ವಾ?"

"ಅದು ನಿನಗೆ ಗೊತ್ತಾಗಿದ್ದಿದ್ರೆ..." ಎಂದು ಶುರುಮಾಡಿದವನು ಅಲ್ಲಿಗೇ ಬ್ರೇಕ್ ಹಾಕಿದೆ. ಈ ಸಲ ಅದು ಹಿಡಿಯಿತು.

ಊಟವಾದ ಮೇಲೆ ಮಗಳು ಹೊಸ ರಿಪೋರ್ಟನ್ನು ಗಟ್ಟಿಯಾಗಿ ಓದಿದಳು. ಹೆಂಡತಿಯ ತಪ್ಪು ಹತ್ತು, ಹಾದಿಯಲ್ಲಿ ಎಡ ಬಲ ನೋಡದ್ದಕ್ಕೆ. ಮಗಳದು ಸೊನ್ನೆ. ಗಂಡನದು ತೊಂಬತ್ತು. ಅಡುಗೆಮನೆ ಮೂರು ವಾರ ಗಂಡನದು, ಹೆಂಡತಿ ದಯೆಯಿಂದ ಹಿಡಿದುಕೊಡುತ್ತಾಳೆ. ಹತ್ತೊಂಬತ್ತು ವರ್ಷ ಸಾವಿರಾರು ವಾಹನಗಳ ಹಣೆಬರಹ ಬರೆದವನು ನಾನು, ಒಂದಕ್ಷರ ಎದುರಾಡದೆ ಕೆಳಗೆ ಸಹಿ ಹಾಕಿದೆ. ಹಾಕಿದ ಮೇಲೆ ಕೊನೆಯ ಅಂಕಣ ಕಣ್ಣಿಗೆ ಬಿತ್ತು. "ವಾಹನದ ಗತಿ: ದುರಸ್ತಿಯೋ, ಗುಜರಿಯೋ?" ಎಂಬಲ್ಲಿ ಅವಳು ಎರಡನ್ನೂ ಹೊಡೆದುಹಾಕಿ, ಸೈಕಲ್ಲಿನ ಬದಲು ನನ್ನ ಹೆಸರು ಬರೆದು, ಮುಂದೆ ಹೀಗೆ ಷರಾ ಹಾಕಿದ್ದಳು:

"ತುಂಬಾ ಹಳೆಯ ಮಾಡೆಲ್. ಬಿಡಿಭಾಗ ಸಿಗುವುದಿಲ್ಲ. ಬೇರೆ ಯಾರೂ ತೆಗೆದುಕೊಳ್ಳುವುದೂ ಇಲ್ಲ. ಆದ್ದರಿಂದ ಇದ್ದ ಹಾಗೆಯೇ ಮನೆಯಲ್ಲಿ ಇಟ್ಟುಕೊಳ್ಳಲಾಗಿದೆ."