ಅತ್ತೆಯೂ ತಲೆಬುರುಡೆಯ ಅಂಗಿಯೂ

ನಮ್ಮ ಸೋದರತ್ತೆಯ ಜೊತೆ ಅಂಗಡಿಗೆ ಹೋಗಿ ತಲೆ ನೆಟ್ಟಗಿಟ್ಟುಕೊಂಡು ಮರಳಿದವರು ಕುಂದಗೋಳದಲ್ಲಿ ಇನ್ನೂ ಹುಟ್ಟಿಲ್ಲ! ಗಣಿತದ ಟೀಚರಾಗಿ ನಿವೃತ್ತರಾದ ಅವರಿಗೆ ಒಂದು ಹಟವಿದೆ. ಯಾರಿಗೆ ಏನೇ ಕೊಡಲಿ, ಅದನ್ನು ಮೊದಲು ತಾವು ಪರೀಕ್ಷಿಸಬೇಕು. ಬಳೆ, ಕುಪ್ಪಸದ ಬಟ್ಟೆಯ ಮಟ್ಟಿಗೆ ಇದು ಹೇಗೋ ನಡೆದಿತ್ತು. ಆದರೆ ಈ ಸಲ ಉಡುಗೊರೆ ಶಾಲೆಯ ಪರೀಕ್ಷೆ ಪಾಸಾದ ನನ್ನ ಮಕ್ಕಳಿಗೆ. ಮಗ ಸಿನಿಮಾ ಹುಚ್ಚ, ಮಗಳಿಗೆ ರಾಕ್ ಸಂಗೀತದ ಹುಚ್ಚು. ಅತ್ತೆ ನನ್ನಿಂದ ಆಫೀಸಿಗೆ ರಜೆ ಹಾಕಿಸಿ ಹುಬ್ಬಳ್ಳಿ ರೈಲು ಹತ್ತಿಸಿದರು.

ಪುಸ್ತಕದ ಅಂಗಡಿಯಲ್ಲಿ "ಸಿನಿಮಾ ಹೆಂಗ ತಗೀತಾರ ಅನ್ನೂ ಪುಸ್ತಕ ಕೊಡ್ರಿ" ಎಂದರು. ಅಂಗಡಿಯವನು ದಪ್ಪನೆಯದೊಂದನ್ನು ಕೊಟ್ಟ. ಅತ್ತೆ ಸ್ಟೂಲು ಎಳೆದುಕೊಂಡು ಓದತೊಡಗಿದರು. ಅದೂ ಮೊದಲ ಪುಟದಿಂದ!

"ಅತ್ತಿ, ಮನಿಗೆ ಹೋಗಿ ಓದೂಣು ಬರ್ರಿ."

"ತಡಿ ಬೇ, ಈಗಷ್ಟ ಕ್ಯಾಮೆರಾ ಹಚ್ಚ್ಯಾರ."

ಅಂಗಡಿಯವನು ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಬಂದ. ನಾವಿನ್ನೂ ಎಡಿಟಿಂಗಿನಲ್ಲಿದ್ದೆವು!

ಮುಂದೆ ರಾಕ್ ಪ್ರಿಯರ ಅಂಗಡಿ. ಎದುರಿಗೇ ಕಪ್ಪು ಟೀಶರ್ಟು, ಅದರ ಮೇಲೆ ಹಲ್ಲು ಕಿರಿಯುವ ತಲೆಬುರುಡೆ. ದಿನಾ ಲಿಂಗಪೂಜೆ ಮಾಡದೆ ಚಹಾ ಮುಟ್ಟದ ಹೆಂಗಸು, ಈಗ ಸಿಟ್ಟಾಗಿ ಹೊರಗೆ ನಡೆಯುತ್ತಾರೆ, ನಾನು ಬದುಕಿಕೊಂಡೆ ಎಂದು ಹಿಗ್ಗಿದೆ. ಎಲ್ಲಿಯ ಹಿಗ್ಗು!

"ಇದರಾಗೇನೈತ್ರಿ ವಿಶೇಷ? ನಮ್ಮ ಶಿವಪ್ಪನ ಕೊರಳಾಗ ಇಂಥಾವು ಒಂದು ಸರಾನ ಅದಾವು. ನೀವು ಒಂದ ಹಾಕೀರಿ. ರೇಟು ಕಡಿಮಿ ಮಾಡ್ರಿ!"

ಅಷ್ಟಕ್ಕೇ ಬಿಟ್ಟರೇ? "ಹುಡುಗಿ ನನ್ನ ಅಳತೀನ ಅದಾಳ" ಎಂದು ಇಳಕಲ್ ಸೀರೆಯ ಮೇಲೆ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಸುತ್ತು ಹೊಡೆದರು. ಆಮೇಲೆ ಹೆಡ್‌ಫೋನು. ಅದರೊಳಗೆ ಯಾವನೋ ಕಿರುಚಿದ್ದೇ ತಡ, ಕಿವಿ ಮುಚ್ಚಿದ್ದನ್ನು ಮರೆತು ಇಡೀ ಬಜಾರಕ್ಕೆ ಕೇಳುವಂತೆ ಕೂಗಿದರು: "ಅಯ್ಯ, ಇವಗ ಯಾರರ ನೀರು ಕೊಡ್ರಿ!"

ಅಂತೂ ಖರೀದಿ ಮುಗಿಯಿತು. ರೈಲಿಗೆ ಅರ್ಧ ಗಂಟೆ ಉಳಿದಿತ್ತು. ಓಡಿಹೋಗಿ ಆಟೋ ಕರೆತಂದರೆ ಅತ್ತೆ ನಿಂತಲ್ಲೇ ನಿಂತಿದ್ದಾರೆ!

"ನಿನಗೇನು ಬೇಕು?"

"ನನಗೇನೂ ಬ್ಯಾಡ್ರಿ. ಗಾಡಿ ತಪ್ಪತೈತಿ, ನಡೀರಿ."

"ಹುಡುಗೂರಿಗೆ ಒಂದೊಂದು ಹುಚ್ಚು ಅದಾವು. ನಿನ್ನ ಹುಚ್ಚು ಯಾವುದು, ಹೇಳು."

ಮಕ್ಕಳಿಗೆ ಏನು ಸೇರುತ್ತದೆ, ಗಂಡನಿಗೆ ಏನು ಸೇರುವುದಿಲ್ಲ, ಎಲ್ಲವನ್ನೂ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ನನಗೆ?

ಅತ್ತೆ ಆಟೋದವನನ್ನು ಕಳಿಸಿಬಿಟ್ಟರು. "ಸಾವಕಾಶ ವಿಚಾರ ಮಾಡು. ಇನ್ನೊಂದು ಗಾಡಿ ಐತಿ."

ಕೈಯ ಚೀಲಗಳನ್ನು ಕೆಳಗಿಟ್ಟು ಹೇಳಿದೆ: "ಕಾಲೇಜಿನ್ಯಾಗ ಸಿನಿಮಾ ಹಾಡು ಬರದ ಇಡತಿದ್ನಿರಿ. ಮದವಿ ಆದಮ್ಯಾಲೆ ಆ ನೋಟ್‌ಬುಕ್ಕು ಎಲ್ಲಿ ಹೋತೋ."

ಪಕ್ಕದ ಅಂಗಡಿಯಿಂದ ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ನು ಬಂದವು. ಸ್ಟೇಷನ್ನಿನ ಬೆಂಚಿನ ಮೇಲೆ ಅತ್ತೆ ಕನ್ನಡಕ ಏರಿಸಿ ಕುಳಿತರು. "ಹಾಡು, ನಾ ಬರಕೋತೀನಿ."

ಅತ್ತಿತ್ತ ನೋಡಿ ಮೆಲ್ಲಗೆ ಶುರು ಮಾಡಿದೆ. ಪಲ್ಲವಿ ಸರಾಗವಾಗಿ ಬಂತು. ಎರಡನೆಯ ಚರಣದಲ್ಲಿ ಸಾಲು ಅರ್ಧಕ್ಕೇ ನಿಲ್ಲಿಸಿ ಕಣ್ಣೊರೆಸಿಕೊಂಡೆ.

ಅತ್ತೆ ಪುಟದಿಂದ ತಲೆ ಎತ್ತಲಿಲ್ಲ. "ನಿಂತು ನಿಂತು ಹಾಡವಾ," ಎಂದರು, "ನನ್ನ ಕೈ ಭಾಳ ನಿಧಾನ."